ಒಂದು ಅಡಿ ಚೌಕದೊಳಗೆ ನಮ್ಮ ಭಾವ

ನಮ್ಮ ಭಾವನಿಗೆ ಹೊಲವಿಲ್ಲ, ಗದ್ದೆಯಿಲ್ಲ. ಅಹಮದಾಬಾದಿನ ಬೋಪಲ್ ಬಡಾವಣೆಯಲ್ಲಿ ಒಂಬತ್ತನೇ ಮಹಡಿಯ ಬಾಲ್ಕನಿಯಲ್ಲಿ ನಾಲ್ಕು ಕುಂಡಗಳಿವೆ. ಅದರಲ್ಲಿ ಕೊತ್ತಂಬರಿಯೂ ಇವರ ಮಾತು ಕೇಳಿ ಮೊಳೆತಿದ್ದಿಲ್ಲ. ಆದರೂ ಸುತ್ತಮುತ್ತಲ ಊರುಗಳಲ್ಲಿ ಯಾವ ಭತ್ತ ಕೊಯ್ಯುವ ಮಿಷನ್ ಒಳ್ಳೆಯದು ಅಂತ ತೀರ್ಪು ಕೊಡುವ ಕೆಲಸವನ್ನು ದೇವರು ಇವರಿಗೇ ವಹಿಸಿದ್ದಾನೆ. ಹಾಗಂತ ಇವರೇ ಹೇಳುತ್ತಾರೆ. ವಿಮಾ ಕಂಪನಿಯಲ್ಲಿ ಕೂತು ಕೂತು ನಿವೃತ್ತರಾದ ಮನುಷ್ಯ, ಸುಮ್ಮನೆ ಪೇಪರ್ ಓದಿಕೊಂಡು ಇರಬಾರದೇ?

ಪರೀಕ್ಷೆಯ ಸಲಕರಣೆ ಮಹಾ ದೊಡ್ಡದು: ಅಕ್ಕನ ಎರಡು ಹ್ಯಾಂಗರ್ ಬಿಚ್ಚಿ ಬಗ್ಗಿಸಿದ ಒಂದು ಅಡಿಯ ತಂತಿಚೌಕ. ಮಿಷನ್ ಮುಂದೆ ಹೋದ ಮೇಲೆ ಅದನ್ನು ನೆಲದ ಮೇಲಿಟ್ಟು, ಕುಕ್ಕರಗಾಲಲ್ಲಿ ಕೂತು, ಒಳಗೆ ಉದುರಿದ ಕಾಳು ಎಣಿಸಬೇಕು. ಕಡಿಮೆ ಉದುರಿಸಿದ್ದು ಒಳ್ಳೆಯ ಮಿಷನ್. ಅಷ್ಟೇ ವಿಜ್ಞಾನ.

ಅವರ ಮದುವೆಯಾಗಿ ಮೂವತ್ತು ವರ್ಷ ತುಂಬಿದ ದಿನ ನಾನು ವಡೋದರಾದಿಂದ ಬಂದಿದ್ದೆ. ಹೋಟೆಲಿಗೆ ಅಂತ ಹೊರಟ ಕಾರು ಬಾವ್ಲಾ ಹತ್ತಿರ ಕೊಯ್ಲು ನಡೆದಿದ್ದ ಗದ್ದೆಯ ಪಕ್ಕ ನಿಂತಿತು. ರೇಷ್ಮೆ ಸೀರೆ ಎತ್ತಿ ಹಿಡಿದು ಬದುವಿನ ಮೇಲೆ ನಿಂತಿದ್ದ ಅಕ್ಕನ ಕಡೆ ತಿರುಗಿ, ಚೌಕದ ಮುಂದೆ ಕೂತಿದ್ದ ಭಾವ ಸಂಭ್ರಮದಿಂದ "ಹದಿನೇಳು" ಅಂದರು.

"ಮೂವತ್ತು ರೀ," ಅಂದಳು ಅಕ್ಕ.

ಆ ದಿನ ನಾವು ಊಟ ಮಾಡಿದ್ದು ಮೂರೂವರೆಗೆ, ಅದೂ ರಸ್ತೆ ಬದಿಯ ದಾಬೇಲಿ ಬನ್ನು.

ಮನೆಯಲ್ಲೂ ಇದೇ ಅಳತೆ. ಕೆಲಸ ಹೇಗೆ ಮಾಡುತ್ತೆ ಅನ್ನುವುದು ಒಂದು, ಕೆಟ್ಟು ನಿಲ್ಲದೆ ಎಷ್ಟು ದಿನ ಓಡುತ್ತೆ ಅನ್ನುವುದು ಇನ್ನೊಂದು. ಮಿಕ್ಸಿಗೂ ಎರಡು ಅಂಕ, ಮಗಳಿಗೆ ಬಂದ ಗಂಡಿಗೂ ಎರಡು ಅಂಕ. ಒಮ್ಮೆ ಧೈರ್ಯ ಮಾಡಿ, "ನಿಮ್ಮಕ್ಕನ ಕೆಲಸ ಫಸ್ಟ್ ಕ್ಲಾಸ್. ಆದರೆ ಆಗಾಗ ಮುಖ ಊದಿಸಿಕೊಂಡು ನಿಂತುಬಿಡ್ತಾಳೆ," ಅಂದರು.

ಅಕ್ಕ ಚಪಾತಿ ಮಗುಚುತ್ತಾ, "ನಿಮಗೆ ಆ ತೊಂದರೆ ಇಲ್ಲ ಬಿಡಿ. ಕೆಲಸ ಮಾಡಿದರೆ ತಾನೇ ಕೆಟ್ಟು ನಿಲ್ಲೋದು?" ಅಂದಳು.

ಹೋದ ಸುಗ್ಗಿಯಲ್ಲಿ ಅದೇ ಬಾವ್ಲಾದ ರೈತರೊಬ್ಬರು ಭಾವನನ್ನು ಕರೆಸಿದರು. ಅಕ್ಕನೂ ನಾನೂ ಜೊತೆಗೆ ಹೋದೆವು. ಟ್ರಾಕ್ಟರಿನ ಹಾಗೆ ಗಾಲಿಯ ಮೇಲೆ ಓಡುವ ಟೈರ್ ಮಿಷನ್ ಒಂದು, ಟ್ಯಾಂಕಿನ ಹಾಗೆ ಪಟ್ಟಿಯ ಮೇಲೆ ಓಡುವ ಚೈನ್ ಮಿಷನ್ ಒಂದು. "ಕಾಕಾ, ನೀವು ಹೇಳಿದ್ದನ್ನೇ ನಮ್ಮೆಲ್ಲಾ ಗದ್ದೆಗೂ ತರಿಸ್ತೀನಿ," ಅಂದರು. ಭಾವನ ಎದೆ ಎಷ್ಟು ಉಬ್ಬಿತು ಅಂದರೆ ಅಂಗಿಯ ಗುಂಡಿಗಳ ಬಗ್ಗೆ ನನಗೆ ಚಿಂತೆಯಾಯಿತು.

ಟೈರ್ ಮಿಷನ್ ಹೋದ ಹಿಂದೆಯೇ, ಉದುರಿದ ಕಾಳಿನ ಹಕ್ಕಲು ಆಯುವ ಹೆಂಗಸರು ಪೊರಕೆ, ಜರಡಿ ಹಿಡಿದು ಬಂದರು. ಮುಂದಿದ್ದ ಅಜ್ಜಿ ಭಾವನ ಚೌಕದೊಳಗೇ ಕೈಹಾಕಿ ಕಾಳು ಎತ್ತಿಕೊಂಡಳು. ಪರೀಕ್ಷೆ ಹಾಳಾಯಿತು, ಇನ್ನು ಬೈಗುಳ ಶುರು ಅಂದುಕೊಂಡೆ. ಭಾವ ಬೈಯಲಿಲ್ಲ. ಚೌಕವನ್ನು ಪಕ್ಕಕ್ಕೆ ಸರಿಸಿ ಮತ್ತೆ ಎಣಿಸಿದರು. ಮೂವತ್ತೊಂದು.

ಚೈನ್ ಮಿಷನ್ ಹಿಂದೆ ಎಣಿಸಿದರು. ನಾಲ್ಕು.

ಅಜ್ಜಿ ನೆಲ ನೋಡಿದಳು, ಖಾಲಿ ಚೀಲ ನೋಡಿದಳು. ಆಮೇಲೆ ಗುಜರಾತಿಯಲ್ಲಿ ಮೆಲ್ಲಗೆ, "ನಾಳೆಯಿಂದ ಯಾವ ಮಿಷನ್ ಬರುತ್ತೆ ಸಾಹೇಬ್?" ಎಂದು ಕೇಳಿದಳು.

ಭಾವ ಚೌಕವನ್ನು ಕೈಯಲ್ಲಿ ಒಮ್ಮೆ ತಿರುಗಿಸಿದರು. ಸುಳ್ಳು ಹೇಳುವ ಜನ ಅವರಲ್ಲ. ರೈತರ ಕಡೆ ತಿರುಗಿ, "ಚೈನ್ ಮಿಷನ್ನೇ ತರಿಸಿ," ಅಂದರು. ಅಜ್ಜಿ ಚೀಲ ಮಡಚತೊಡಗಿದಳು. "ಆದರೆ ಮೂಲೆಮೂಲೆಯಲ್ಲಿ ತಿರುಗಿಸಿ ತಿರುಗಿಸಿ ಕೊಯ್ಯಿಸಬೇಡಿ, ಚೈನ್ ಸವೆಯುತ್ತೆ. ನಾಲ್ಕು ಮೂಲೆಯ ಭತ್ತ ಹಾಗೇ ಬಿಡಿ. ಇವರು ಕೊಯ್ದುಕೊಳ್ಳಲಿ."

"ಇದು ಮಿಷನ್ನಿನ ಲೆಕ್ಕವೋ, ನಿಮ್ಮ ಲೆಕ್ಕವೋ ಕಾಕಾ?"

"ನನ್ನ ಫೀಸು ಅಂದುಕೊಳ್ಳಿ."

ರೈತರು ಅಜ್ಜಿಯನ್ನೊಮ್ಮೆ ನೋಡಿ ಸರಿ ಅಂದರು.

ವಾಪಸ್ ಬರುವಾಗ ಕಾರಿನಲ್ಲಿ ಭಾವ ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದರು: "ದಾವಣಗೆರೆ ಕಡೆ ನಮ್ಮವ್ವ ಹಕ್ಕಲು ಆಯ್ದೇ ನನ್ನನ್ನು ಸಾಕಿದ್ದು. ಗದ್ದೆ ಕೊಯ್ದ ದಿನ ಅವಳ ಹಿಂದೆ ಹೋಗಿ, ಎಷ್ಟು ಕಾಳು ಬಿದ್ದಿದೆ ಅಂತ ನಾನೇ ಎಣಿಸ್ತಿದ್ದೆ. ಜಾಸ್ತಿ ಬಿದ್ದಿದ್ದರೆ ಅವತ್ತು ಅನ್ನ."

ಹಿಂದಿನ ಸೀಟಿನಲ್ಲಿದ್ದ ಅಕ್ಕ ಮುಂದಕ್ಕೆ ಬಾಗಿದಳು. ಮೂವತ್ತು ವರ್ಷದಲ್ಲಿ ಅವಳಿಗೂ ಇದು ಗೊತ್ತಿರಲಿಲ್ಲ. ನನಗಂತೂ ಇಷ್ಟು ವರ್ಷ ನಕ್ಕಿದ್ದೆಲ್ಲ ನೆನಪಾಗಿ ನಾಚಿಕೆಯಾಯಿತು.

ಮುಂದಿನ ಭಾನುವಾರ ಭಾವ ಚಪ್ಪಲಿ ಹಾಕಿಕೊಳ್ಳುವಷ್ಟರಲ್ಲಿ ಅಕ್ಕ ಹಳೇ ಹತ್ತಿ ಸೀರೆ ಉಟ್ಟು ಕಾರಿನಲ್ಲಿ ಕೂತಿದ್ದಳು. ನಾವು ಹೋಗುವಷ್ಟರಲ್ಲಿ ಗದ್ದೆ ಬೋಳಾಗಿತ್ತು, ನಾಲ್ಕು ಮೂಲೆಯಲ್ಲಿ ಮಾತ್ರ ಭತ್ತ ನಿಂತಿತ್ತು. ಅಜ್ಜಿ ಕುಡುಗೋಲು ಹಿಡಿದು ಮೊದಲ ಮೂಲೆಯಲ್ಲಿದ್ದಳು. ಭಾವ ಚೌಕವನ್ನು ಕಾರಿನಿಂದ ಇಳಿಸಲೇ ಇಲ್ಲ. ಅಕ್ಕ ಬದು ಇಳಿದು ಹೋಗಿ, ಅಜ್ಜಿಯ ಚೀಲದ ಬಾಯಿ ಅಗಲಿಸಿ ಹಿಡಿದುಕೊಂಡಳು.