ಘಾಟಿ ಹತ್ತಿದ ತೆಂಗಿನೆಣ್ಣೆ

“ಹಿಂಜವಾಡಿ ಬ್ರಾಂಚಿನ ಗಲ್ಲಾದಲ್ಲಿ ಕೂತ್ಕೊಳ್ಳುವುದು ನಾನೇ! ಶಿವಾಜಿನಗರದ ಗಲ್ಲಾದಲ್ಲೂ ನಾನೇ! ಬೆಳಿಗ್ಗೆ ಇಲ್ಲಿ, ಸಂಜೆ ಅಲ್ಲಿ!”

ಸಂಕಪ್ಪಣ್ಣ ಹೀಗೆ ಘೋಷಿಸಿದಾಗ, ಬೆಳಿಗ್ಗೆಗೂ ಸಂಜೆಗೂ ನಡುವೆ ಪುಣೆಯ ಟ್ರಾಫಿಕ್ಕು ಎಂಬುದೊಂದು ಇದೆಯೆಂದು ನೆನಪಿಸುವ ಧೈರ್ಯ ಮನೆಯಲ್ಲಿ ಒಬ್ಬರಿಗೇ ಇತ್ತು.

“ಮತ್ತೆ ಮಧ್ಯಾಹ್ನದ ಊಟ? ರಿಕ್ಷಾದಲ್ಲಾ?” ಎಂದರು ಲೀಲಕ್ಕ.

ಲೀಲಕ್ಕ ಎಂದರೆ ಅವರ ಧರ್ಮಪತ್ನಿ ಲೀಲಾಕ್ಷಿ. ಕುಂದಾಪುರದಿಂದ ಮದುವೆಯಾಗಿ ಬಂದು ಮೂವತ್ತೊಂದು ವರ್ಷ. ಅಷ್ಟೂ ವರ್ಷ ಶಿವಾಜಿನಗರದ ಹೋಟೆಲಿನ ಹಿಂಬದಿಯಲ್ಲಿ ನಿಂತು, ಸಾಂಬಾರು ಪುಡಿಯಿಂದ ಹಿಡಿದು ಅಡುಗೆಭಟ್ಟರ ಮುನಿಸಿನ ತನಕ ಎಲ್ಲವನ್ನೂ ಹದಕ್ಕೆ ತಂದವರು. ಗಲ್ಲಾದ ಕುರ್ಚಿಯಲ್ಲಿ ಮಾತ್ರ ಒಂದು ದಿನವೂ ಕೂತವರಲ್ಲ. ಈಗ ಹೊಸ ಬ್ರಾಂಚು ತೆರೆಯುವ ಹೊತ್ತಿಗೆ, ಆ ಕುರ್ಚಿ ತನಗೆ ಬೇಕು ಎಂದು ಮೊದಲ ಬಾರಿಗೆ ಬಾಯಿಬಿಟ್ಟು ಕೇಳಿದ್ದರು.

“ಗಲ್ಲಾ ಅಂದ್ರೆ ಸುಮ್ಮನೆ ಕೂತ್ಕೊಳ್ಳುವುದಲ್ಲ ಮಾರಾಯ್ತಿ. ಒಂದು ಕಣ್ಣು ಬಾಗಿಲಲ್ಲಿ, ಒಂದು ಕಣ್ಣು ಟೇಬಲಲ್ಲಿ, ಕಿವಿ ಅಡುಗೆಮನೆಯಲ್ಲಿ! ಹತ್ತು ಕಡೆ ಒಟ್ಟಿಗೆ ನೋಡ್ಲಿಕ್ಕುಂಟು. ನಿನಗೆ ಆಗ್ಲಿಕ್ಕಿಲ್ಲ.”

“ಹಣೆಯ ಮೇಲಿರುವ ಕನ್ನಡಕ ಹುಡುಕ್ಲಿಕ್ಕೆ ಅರ್ಧ ಗಂಟೆ ಬೇಕು ನಿಮಗೆ. ಹತ್ತು ಕಡೆ ನೋಡ್ತಾರಂತೆ!”

ಹದಿನೈದು ದಿನ ಇದೇ ರಾಮಾಯಣ. ಮಗ ಸುಖೇಶನಿಗೆ ಸಾಕಾಗಿ, “ಈ ಭಾನುವಾರ ಹೋಟೆಲು ನಾನು ನೋಡಿಕೊಳ್ತೇನೆ, ನೀವಿಬ್ಬರೂ ಎಲ್ಲಾದರೂ ಹೋಗಿ ಬನ್ನಿ” ಎಂದು ಎರಡು ಟಿಕೆಟು ತೆಗೆಸಿಕೊಟ್ಟ. ಪುಟ್ಟ ರೈಲುಗಳ ಪ್ರದರ್ಶನ. ನೋಡುವುದಷ್ಟೇ ಅಲ್ಲ, ಬಂದವರೇ ರೈಲು ಓಡಿಸಬಹುದು!

ಒಂದು ಕಲ್ಯಾಣ ಮಂಟಪದಷ್ಟು ದೊಡ್ಡ ಹಾಲು, ಎಸಿಯಲ್ಲಿ ತಣ್ಣಗೆ ಕೊರೆಯುತ್ತಿತ್ತು. ಸೊಂಟದೆತ್ತರದ ಮೇಜುಗಳ ಮೇಲೆ ಇಡೀ ಪ್ರಪಂಚ ಹರಡಿತ್ತು. ಸ್ಟೇಷನ್ನು, ಸೇತುವೆ, ಬೆರಳುದ್ದದ ಕಬ್ಬಿನ ಗದ್ದೆ, ಹೊಗೆ ಬಿಡುವ ಸಕ್ಕರೆ ಕಾರ್ಖಾನೆ, ನಡುವೆ ಸುತ್ತಿ ಸುತ್ತಿ ಏರುವ ಘಾಟಿ. ಅದರ ಮೇಲೆಲ್ಲ ಹನ್ನೆರಡು ರೈಲುಗಳು ಗಂಭೀರವಾಗಿ ಓಡಾಡುತ್ತಿದ್ದವು. ಗೋಡೆಯ ಮೇಲೆ ಮರಾಠಿಯಲ್ಲಿ ಅಪ್ಪಟ ಪುಣೆಯ ಬೋರ್ಡು: ‘ಹಳಿ ಮುಟ್ಟಬಾರದು. ಇದನ್ನು ಓದಿದ ಮೇಲೆ, ಸ್ವಲ್ಪ ಮುಟ್ಟಬಹುದೇ ಎಂದು ಕೇಳಬಾರದು.’

ಹಾಲಿನ ಮೇಲ್ವಿಚಾರಕ ಗೂಳಪ್ಪ ವಿಜಯಪುರದ ಕಡೆಯವರು. ಕೊರಳಲ್ಲಿ ಸೀಟಿ, ಮುಖದಲ್ಲಿ ದೊಡ್ಡ ಜಂಕ್ಷನ್ ನಡೆಸುವವರ ಬಿಗುಮಾನ. ಗಂಡಹೆಂಡಿರ ಜಗಳ ಕಿವಿಗೆ ಬಿದ್ದದ್ದೇ ತಡ, ಮುಖ ಅರಳಿತು.

“ಕನ್ನಡದವರೇನ್ರಿ? ಭಾಳ ಛಲೋ ಆತು, ಬರ್ರಿ! ಈ ಗುಂಡಿ ತಿರುವಿದರ ಗಾಡಿ ಹೋಗ್ತದ. ಕೆಂಪು ದೀಪ ಕಂಡರ ನಿಲ್ಲಸ್ರಿ. ಹಳಿಯೊಳಗ ಕರೆಂಟ್ ಹರೀತದ, ಗಾಲಿಯಿಂದ ಇಂಜಿನ್ನಿಗೆ ಹೋಗ್ತದ. ಅದಕ್ಕ ಹಳಿ ಕನ್ನಡಿ ಹಂಗ ಸ್ವಚ್ಛ ಇರಬೇಕು. ಕೈ ಹಚ್ಚಬ್ಯಾಡ್ರಿ.”

ಸಂಕಪ್ಪಣ್ಣನಿಗೆ ನೀಲಿ ಬಣ್ಣದ ಪ್ಯಾಸೆಂಜರು ಸಿಕ್ಕಿತು. ಲೀಲಕ್ಕನಿಗೆ ಹಾಲಿನ ಟ್ಯಾಂಕರುಗಳ ಗೂಡ್ಸು. ಇಬ್ಬರಿಗೂ ಒಂದೇ ಹಳಿ, ಮುಂದೆ ಪ್ಯಾಸೆಂಜರು, ಹಿಂದೆ ಗೂಡ್ಸು. ರಿಮೋಟು ಕೈಗೆ ಬಂದದ್ದೇ ಸಂಕಪ್ಪಣ್ಣನಿಗೆ ವೀರಾವೇಶ ಬಂತು.

“ನೋಡು ಲೀಲಾ, ಈ ಗಲ್ಲಾ ಪಂಚಾಯ್ತಿಗೆ ಇಲ್ಲಿಯೇ ತೀರ್ಮಾನ ಮಾಡುವ. ಮೂರು ಸುತ್ತು. ಸಿಗ್ನಲ್ ಇಲ್ಲದ ಕಡೆ ಯಾರ ಗಾಡಿ ನಿಂತಿತೋ ಅವರು ಸೋತ ಹಾಗೆ. ನಾನು ಸೋತರೆ ಹಿಂಜವಾಡಿ ಗಲ್ಲಾ ನಿನಗೆ!”

“ಮಾತು ತಪ್ಪಬಾರದು.”

“ಸಂಕಪ್ಪ ಮಾತು ತಪ್ಪಿದ ಚರಿತ್ರೆಯೇ ಇಲ್ಲ!”

ಲೀಲಕ್ಕ ಸೀರೆ ಸೆರಗು ಸಿಕ್ಕಿಸಿದರು. “ಇದನ್ನು ಹಿಡ್ಕೊಳ್ಳಿ, ನನಗೆ ಎರಡೂ ಕೈ ಬೇಕು” ಎಂದು ತಮ್ಮ ಹ್ಯಾಂಡ್‌ಬ್ಯಾಗನ್ನು ಗಂಡನ ಹೆಗಲಿಗೆ ತಗುಲಿಸಿದರು. ಮುಂದಿನ ಅನಾಹುತಕ್ಕೆಲ್ಲ ಮೂಲ ಈ ಬ್ಯಾಗೇ ಎಂದು ಸಂಕಪ್ಪಣ್ಣ ಇಂದಿಗೂ ವಾದಿಸುತ್ತಾರೆ.

ಮೊದಲ ಸುತ್ತು ನಿಜಕ್ಕೂ ಭರ್ಜರಿಯಾಗಿತ್ತು! ಪ್ಯಾಸೆಂಜರು ಸೇತುವೆ ದಾಟಿತು, ಸುರಂಗ ಹೊಕ್ಕಿತು, ಘಾಟಿ ಏರಿತು, ಇಳಿಯಿತು. ಸಂಕಪ್ಪಣ್ಣ ಪಕ್ಕದಲ್ಲಿದ್ದ ಅಪರಿಚಿತ ಗೃಹಸ್ಥರೊಬ್ಬರಿಗೆ ರೈಲ್ವೆ ಆಡಳಿತದ ಕುರಿತು ಮರಾಠಿಯಲ್ಲಿ ಸಣ್ಣ ಉಪನ್ಯಾಸವನ್ನೇ ಕೊಟ್ಟರು. ಹಿಂದೆ ಲೀಲಕ್ಕನ ಗೂಡ್ಸು ಕೆಂಪು ಕಂಡಲ್ಲಿ ನಿಂತು, ಹಸಿರು ಕಂಡಲ್ಲಿ ಹೊರಟು, ಬಾಯಿಮುಚ್ಚಿಕೊಂಡು ಬರುತ್ತಿತ್ತು.

ಎರಡನೇ ಸುತ್ತಿನ ತಿರುವಿನಲ್ಲಿ ನೀಲಿ ಇಂಜಿನ್ನು ‘ಕೀಚ್’ ಎಂದಿತು.

ಸಂಕಪ್ಪಣ್ಣನ ಕಿವಿ ನಿಮಿರಿತು. ಅವರ ಹೋಟೆಲಿನಲ್ಲಿ ಕೀಚ್ ಎನ್ನುವ ಹಕ್ಕು ಯಾವ ವಸ್ತುವಿಗೂ ಇಲ್ಲ. ಗ್ರೈಂಡರು, ಷಟರು, ಫ್ಯಾನು, ಬಾಗಿಲಿನ ತಿರುಗಣಿ, ಯಾವುದೇ ಇರಲಿ, ಕೀಚ್ ಎಂದ ಮರುಗಳಿಗೆ ಒಂದು ಹನಿ ತೆಂಗಿನೆಣ್ಣೆ! ತಲೆನೋವಿಗೂ ಅದೇ, ಬೀಗಕ್ಕೂ ಅದೇ.

“ಗೂಳಪ್ಪನವರೇ, ಇದು ಕೀಚ್ ಹೇಳ್ತದಲ್ಲ?”

“ಹೊಸಾ ಗಾಲಿ ಅದಾವ್ರಿ, ಅದಕ್ಕ. ಅನ್ಲಿ ಬಿಡ್ರಿ.”

ಅನ್ಲಿ ಬಿಡಬೇಕಂತೆ! ಗೂಳಪ್ಪ ಆ ಕಡೆ ಹೋದರು. ಸಂಕಪ್ಪಣ್ಣ ಪ್ಯಾಸೆಂಜರನ್ನು ಸ್ಟೇಷನ್ನಿನ ಕೆಂಪು ದೀಪದ ಮುಂದೆ ನ್ಯಾಯವಾಗಿಯೇ ನಿಲ್ಲಿಸಿ, ಹೆಂಡತಿಯ ಬ್ಯಾಗಿಗೆ ಕೈಹಾಕಿದರು. ಒಡೆದ ತುಟಿಗೆಂದು ಲೀಲಕ್ಕ ಸದಾ ಇಟ್ಟುಕೊಳ್ಳುವ ಪುಟ್ಟ ಬಾಟಲಿ ಸಿಕ್ಕಿತು. ಎಸಿಯ ತಂಪಿಗೆ ಎಣ್ಣೆ ಬೆಣ್ಣೆಯಂತೆ ಗಟ್ಟಿಯಾಗಿತ್ತು. ಬೋರಲು ಹಾಕಿದರು, ಬೀಳಲಿಲ್ಲ. ಕುಟ್ಟಿದರು, ಬೀಳಲಿಲ್ಲ. ಕೊನೆಗೆ ಬಾಟಲಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಏನೂ ಆಗಿಲ್ಲವೆಂಬಂತೆ ಸೂರಿನ ಫ್ಯಾನು ನೋಡುತ್ತ ನಿಂತರು. ಎರಡು ನಿಮಿಷದಲ್ಲಿ ಸಂಕಪ್ಪಣ್ಣನ ದೇಹದ ಬಿಸಿ ತನ್ನ ಕೆಲಸ ಮಾಡಿತು. ಕೆಂಪು ದೀಪ ಇನ್ನೇನು ಹಸಿರಾಗಬೇಕು, ಅವಸರದಲ್ಲಿ ಇಂಜಿನ್ನಿನ ಗಾಲಿಗೆ ಬಾಟಲಿ ಒತ್ತಿದರು. ಹಾಕಬೇಕಿದ್ದದ್ದು ಒಂದು ಹನಿ, ಬಿದ್ದದ್ದು ಒಂದು ಚಮಚ!

ದೀಪ ಹಸಿರಾಗಿ ಗಾಡಿ ಕದಲಿದಾಗ ಕೀಚ್ ಮಾಯವಾಗಿತ್ತು. “ನೋಡಿದ್ರಾ?” ಎಂದು ಪಕ್ಕದ ಗೃಹಸ್ಥರಿಗೆ ಕಣ್ಣು ಹೊಡೆದರು.

ನೀಲಿ ಇಂಜಿನ್ನು ಮೆಲ್ಲಗೆ ಸ್ಟೇಷನ್ ಬಿಟ್ಟಿತು, ಸೇತುವೆ ದಾಟಿತು, ಘಾಟಿಯ ಬುಡಕ್ಕೆ ಬಂತು. ಅಲ್ಲಿ ಗಾಲಿಗಳು ಗರಗರ ತಿರುಗಿದವು, ರೈಲು ಮಾತ್ರ ಮುಂದೆ ಹೋಗಲಿಲ್ಲ. ಸಂಕಪ್ಪಣ್ಣ ಗುಂಡಿಯನ್ನು ಕೊನೆಯ ತನಕ ತಿರುವಿದರು. ಗಾಲಿಗಳು ಇನ್ನೂ ಜೋರಾಗಿ ತಿರುಗಿದವು, ರೈಲು ಘನತೆಯಿಂದ ಹಿಂದಕ್ಕೆ ಜಾರತೊಡಗಿತು! ಕೆಳಗೆ ಕೆಂಪು ದೀಪಕ್ಕೆ ವಿಧೇಯವಾಗಿ ನಿಂತಿದ್ದ ಲೀಲಕ್ಕನ ಗೂಡ್ಸಿಗೆ ‘ಟಕ್’ ಎಂದು ತಾಗಿ ನಿಂತಿತು.

“ಹಿಂದೆ ಯಾಕೆ ಬಂದ್ರಿ ಮಾರಾಯ್ರೆ? ಏನಾದ್ರೂ ಮರೆತು ಬಂದ್ರಾ?” ಎಂದರು ಲೀಲಕ್ಕ.

ಅಲ್ಲಿಗೆ ಮುಗಿಯಲಿಲ್ಲ. ಎಣ್ಣೆ ಸ್ಟೇಷನ್ನಿನ ಹಳಿಗೆ ಹತ್ತಿತ್ತು. ಆ ಸ್ಟೇಷನ್ನಿನ ಮೂಲಕ ಹಾದ ಪ್ರತಿಯೊಂದು ರೈಲೂ ಗಾಲಿಗೆ ಎಣ್ಣೆ ಮೆತ್ತಿಕೊಂಡು, ಪ್ರಸಾದ ಹಂಚುವ ಶ್ರದ್ಧೆಯಿಂದ ಉಳಿದ ಹಳಿಗಳಿಗೆಲ್ಲ ಹಂಚಿತು. ತಂಪಿಗೆ ಅದು ಮತ್ತೆ ಗಟ್ಟಿಯಾಯಿತು. ಕರೆಂಟು ಗಾಲಿಗೆ ತಲುಪದೆ ಒಂದು ರೈಲು ಸುರಂಗದಲ್ಲಿ ನಿಂತಿತು, ಒಂದು ಸೇತುವೆಯ ಮೇಲೆ, ಒಂದು ಸಕ್ಕರೆ ಕಾರ್ಖಾನೆಯ ಮುಂದೆ. ಕಾಲು ಗಂಟೆಯಲ್ಲಿ ಹನ್ನೆರಡಕ್ಕೆ ಹನ್ನೆರಡೂ ಠಪ್! ಮಕ್ಕಳು ರಾಗ ತೆಗೆದವು. ಅವುಗಳ ತಂದೆತಾಯಂದಿರು ಟಿಕೆಟು ಹಿಡಿದುಕೊಂಡು ಗೂಳಪ್ಪನವರನ್ನು ಮುತ್ತಿದರು.

ಗೂಳಪ್ಪ ಒಂದು ಬೆರಳಿನಿಂದ ಹಳಿ ಸವರಿದರು. ಮೂಗಿಗೆ ಹಿಡಿದರು. ಕಣ್ಣು ಮುಚ್ಚಿ ತೆರೆದರು.

“ಶೇಂಗಾ ಎಣ್ಣಿ ಅಲ್ಲ. ಅಂದರ ನಮ್ಮ ಕಡಿಯವರಲ್ಲ. ಇದು ತೆಂಗಿನ ಎಣ್ಣಿ! ಸಮುದ್ರದ ಕಡಿಯವರು ಯಾರದಾರಿಲ್ಲೆ?”

ಹಾಲಿನಲ್ಲಿ ಸಮುದ್ರದ ಕಡೆಯವರು ಇಬ್ಬರೇ. ಅವರಲ್ಲಿ ಒಬ್ಬರ ಅಂಗಿಯ ಕಂಕುಳಿನಿಂದ ಸೊಂಟದ ತನಕ ಎಣ್ಣೆಯ ಕಲೆ ನಕಾಶೆಯ ಹಾಗೆ ಹರಡಿತ್ತು.

“ನಾನು ಹಳಿ ಮುಟ್ಟಲಿಲ್ಲ,” ಎಂದರು ಸಂಕಪ್ಪಣ್ಣ, ಇನ್ನೂ ಧೈರ್ಯ ಬಿಡದೆ. “ಬೋರ್ಡಿನಲ್ಲಿ ಹಳಿ ಅಂತ ಮಾತ್ರ ಉಂಟು. ನಾನು ಮುಟ್ಟಿದ್ದು ಗಾಲಿ!”

ಗೂಳಪ್ಪ ಬೋರ್ಡು ನೋಡಿದರು, ಸಂಕಪ್ಪಣ್ಣನನ್ನು ನೋಡಿದರು, ಸೋತು ಸ್ಟೂಲಿನ ಮೇಲೆ ಕೂತರು. “ಸ್ಪಿರಿಟ್ ಹಚ್ಚಿ ಅರಿವಿ ತುಂಡಿನಿಂದ ಒರೆಸಬೇಕ್ರಿ. ಇಷ್ಟೂ ಹಳಿ! ನಾ ಒಬ್ಬನ ಒರೆಸಿದರ ನಾಳಿ ಮುಂಜಾನಿ ಆಗ್ತದ. ಎಲ್ಲಾರನ್ನೂ ಮನಿಗೆ ಕಳಸೂದ ಆತು.”

ಅಷ್ಟು ಮಕ್ಕಳ ಭಾನುವಾರವನ್ನು ತಾನು ಹಾಳುಮಾಡಿದೆನಲ್ಲ ಎಂದು ಸಂಕಪ್ಪಣ್ಣನಿಗೆ ಮೊದಲ ಬಾರಿಗೆ ನಿಜವಾಗಿ ನಾಚಿಕೆಯಾಯಿತು. ಏನಾದರೂ ಹೇಳೋಣವೆಂದು ಬಾಯಿ ತೆರೆದರು. ಅಷ್ಟರಲ್ಲಿ ಗೂಳಪ್ಪನವರನ್ನು ಎಬ್ಬಿಸಿ, ಅದೇ ಸ್ಟೂಲಿನ ಮೇಲೆ ಲೀಲಕ್ಕ ಹತ್ತಿ ನಿಂತಿದ್ದರು!

“ಏಕ್ ಮಿನಿಟ್! ಕೋಣೀ ಜಾವೂ ನಕಾ!” ಯಾರೂ ಹೋಗಬೇಡಿ ಎಂದು ಮರಾಠಿಯಲ್ಲಿ ಒಂದೇ ಒಂದು ಕೂಗು. ಗದ್ದಲವೆಲ್ಲ ಅಡಗಿತು. ಅಡುಗೆಮನೆಯ ನಾಲ್ಕು ಒಲೆಗಳ ಸದ್ದಿನ ಮೇಲೆ ಮೂವತ್ತೊಂದು ವರ್ಷ ಕೂಗಿದ ಗಂಟಲು ಅದು.

ಆಮೇಲೆ ನಡೆದದ್ದನ್ನು ಸಂಕಪ್ಪಣ್ಣ ಬಾಯಿ ತೆರೆದುಕೊಂಡೇ ನೋಡಿದರು. ಲೀಲಕ್ಕ ಮೇಜುಗಳಿಗೆ ಒಂದರಿಂದ ಹದಿನಾರರ ತನಕ ನಂಬರು ಕೊಟ್ಟರು. ಒಂದೊಂದು ಮೇಜಿಗೆ ಒಂದೊಂದು ಕುಟುಂಬ, ಮನೆಗೊಂದು ಅರಿವೆ. ಗೂಳಪ್ಪ ಸ್ಪಿರಿಟ್ ಅದ್ದಿಕೊಡುವುದು, ದೊಡ್ಡವರು ಹಳಿ ಒರೆಸುವುದು, ಮಕ್ಕಳು ಇಂಜಿನ್ನನ್ನು ಮಗುವಿನ ಹಾಗೆ ಎತ್ತಿ ಹಿಡಿಯುವುದು. ರಾಗ ತೆಗೆದ ಮಕ್ಕಳೇ ಈಗ ನಗುತ್ತಿದ್ದವು. ಒಂದು ಕಣ್ಣು ಬಾಗಿಲಲ್ಲಿ, ಒಂದು ಕಣ್ಣು ಮೇಜುಗಳಲ್ಲಿ, ಕಿವಿ ಸುರಂಗದಲ್ಲಿ! ಇವಳಿಗೆ ಇದೆಲ್ಲ ಯಾವಾಗ ಬಂತು ಎಂದು ಸಂಕಪ್ಪಣ್ಣ ಬೆರಗಾದರು. ಹೆಮ್ಮೆಯೂ ಆಯಿತು, ಹೊಟ್ಟೆಕಿಚ್ಚೂ ಆಯಿತು. ಯಾವುದು ಹೆಚ್ಚೆಂದು ಅವರು ಯಾರಿಗೂ ಹೇಳಿಲ್ಲ.

ಅವರ ಕೈಗೂ ಒಂದು ಅರಿವೆ ಬಂದಿತ್ತು. ಹ್ಯಾಂಡ್‌ಬ್ಯಾಗ್ ಹೆಗಲಲ್ಲೇ ಇಟ್ಟುಕೊಂಡು ಸ್ಟೇಷನ್ನಿನ ಹಳಿಯನ್ನು ಬಗ್ಗಿ ಉಜ್ಜುತ್ತಿದ್ದಾಗ ಸ್ಟೂಲಿನ ಮೇಲಿಂದ ಗರ್ಜನೆ ಕೇಳಿತು.

“ನಾಲ್ಕನೇ ಟೇಬಲ್! ಮೂಲೆಯಲ್ಲಿ ಎಣ್ಣೆ ಹಾಗೇ ಉಂಟು! ಕ್ಲೀನ್!”

“ಬಂದೇ!” ಎಂದು ಸಂಕಪ್ಪಣ್ಣ ಓಡಿದರು.

ಓಡಿ, ಅರ್ಧ ದಾರಿಯಲ್ಲಿ ಕಲ್ಲಾಗಿ ನಿಂತರು. ಹದಿನಾಲ್ಕನೇ ವಯಸ್ಸಿನಲ್ಲಿ ಸೋದರಮಾವನ ಹೋಟೆಲಿನಲ್ಲಿ ಟೇಬಲ್ ಒರೆಸುತ್ತಿದ್ದಾಗ, ಗಲ್ಲಾದಿಂದ ‘ಕ್ಲೀನ್’ ಎಂಬ ಸದ್ದು ಬಂದರೆ ಹೇಳುತ್ತಿದ್ದ ಮಾತು ಅದು. ಅದು ಬಾಯಿಂದ ಹೊರಬಿದ್ದು ನಲವತ್ತು ವರ್ಷವಾಗಿತ್ತು. ಗಲ್ಲಾದಲ್ಲಿ ಕೂತವರಿಗಲ್ಲದೆ ಇನ್ಯಾರಿಗೂ ಅವರು ಆ ಮಾತು ಹೇಳಿದವರಲ್ಲ. ಲೀಲಕ್ಕ ಸ್ಟೂಲಿನ ಮೇಲಿಂದ ಮುಗುಳ್ನಕ್ಕರು. ಪಂದ್ಯದ ತೀರ್ಪು ಅಲ್ಲಿಗೆ ಬಂದಂತಾಯಿತು.

ಒಂದು ಗಂಟೆಯಲ್ಲಿ ಹಳಿಗಳು ಫಳಫಳ ಹೊಳೆದವು. ಮೊದಲು ಘಾಟಿ ಏರಿದ್ದು ಲೀಲಕ್ಕನ ಗೂಡ್ಸು. ಇಡೀ ಹಾಲು ಚಪ್ಪಾಳೆ ತಟ್ಟಿತು. ಗೂಳಪ್ಪ ಸೀಟಿ ಊದಿ, ಕೈಮುಗಿದರು.

“ಅಕ್ಕಾರ, ಪ್ರತಿ ರವಿವಾರ ಬಂದು ಈ ಹಾಲ್ ಸಂಭಾಳಸ್ತೀರೇನ್ರಿ?”

“ಆಗ್ಲಿಕ್ಕಿಲ್ಲ ಗೂಳಪ್ಪನವರೇ,” ಎಂದರು ಲೀಲಕ್ಕ ಗಂಡನ ಹೆಗಲಿನಿಂದ ಬ್ಯಾಗು ತೆಗೆದುಕೊಳ್ಳುತ್ತ. “ನನಗೆ ಹಿಂಜವಾಡಿಯಲ್ಲಿ ಗಲ್ಲಾ ಉಂಟು.”

ಸಂಕಪ್ಪಣ್ಣ ಮಾತು ತಪ್ಪಲಿಲ್ಲ. ತಿಂಗಳ ನಂತರ ಬ್ರಾಂಚು ತೆರೆಯಿತು. ಮೊದಲ ವಾರವೇ ಸುತ್ತಮುತ್ತಲ ಆಫೀಸಿನವರು ಸಾಲು ನಿಂತರು. ಎರಡನೇ ವಾರ ಸಂಕಪ್ಪಣ್ಣ ತಪಾಸಣೆಗೆಂದು ಠೀವಿಯಿಂದ ಹೋಗಿ, ಗಾಜಿನ ಬಾಗಿಲು ತಳ್ಳಿದರು.

‘ಕೀಚ್!’

ಮುಖ ಅರಳಿತು. ಎಷ್ಟೆಂದರೂ ಇವಳಿಗೆ ತನ್ನ ಅಗತ್ಯ ಇದ್ದೇ ಇದೆ! ಕೈ ತಾನಾಗಿ ಜೇಬಿನ ಪುಟ್ಟ ಬಾಟಲಿಗೆ ಹೋಯಿತು. ಬಗ್ಗಿ ತಿರುಗಣಿ ನೋಡಿದರು. ಬಗ್ಗಿದವರಿಗೆ ಮಾತ್ರ ಕಾಣುವಷ್ಟು ಕೆಳಗೆ ಒಂದು ಬೋರ್ಡು ಅಂಟಿಸಿತ್ತು. ಇಡೀ ಹೋಟೆಲಿನಲ್ಲಿ ಕನ್ನಡದಲ್ಲಿದ್ದದ್ದು ಅದೊಂದೇ.

‘ಈ ಬಾಗಿಲು ಕೀಚ್ ಎನ್ನುತ್ತದೆ. ನೀವು ಬಂದದ್ದು ನನಗೆ ತಿಳಿಯಲಿ ಎಂದೇ ಹಾಗೆ ಬಿಟ್ಟದ್ದು. ಬಾಟಲಿ ಗಲ್ಲಾದಲ್ಲಿ ಕೊಟ್ಟು ಒಳಗೆ ಬನ್ನಿ.’