ಜಾಬ್ ಅಂದ್ರ ಜವಾಬ್

ಇಂಗ್ಲಿಷ್ ಶಬ್ದ ನಮ್ಮ ಕಡೆ ಬಂತಂದ್ರ ಏನರ ಒಂದು ಫಜೀತಿ ಆಗದೇ ಹೋಗಂಗಿಲ್ಲ. ನಿಜಾಮರ ಕಾಲ ಅದು. ಕಚೇರ್ಯಾಗ ಉರ್ದು, ಮನ್ಯಾಗ ಕನ್ನಡ. ಇಂಗ್ಲಿಷ್ ಅನ್ನೋದು ರಾಯಚೂರು ಸ್ಟೇಷನ್ ದಾಟಿ ಒಳಗ ಬಂದದ್ದು ಕಮ್ಮಿ. ಅಂಥಾದ್ರಾಗ 'ಜಾಬ್' ಅನ್ನೋ ಹಾಳಾದ ಶಬ್ದ ನನ್ನ ಬೆನ್ನು ಹತ್ತಿತು.

ದೇವದುರ್ಗದಾಗ ಅರ್ಥ ಕೇಳಿದ್ದು

ರಾಯಚೂರಿನಾಗ ಹತ್ತಿ ಬೀಜ ಬಿಡಿಸೋ ಒಂದು ಜಿನ್ನಿನಾಗ ಗುಮಾಸ್ತ ಬೇಕಂತ ಕೇಳಿ ಉರ್ದುದಾಗ ಅರ್ಜಿ ಹಾಕಿದ್ದೆ. ಜಿನ್ನಿನ ಬಿಳಿ ದೊರಿ ಇಂಗ್ಲಿಷಿನಾಗ ಕಾಗದ ಕಳಿಸ್ದ. ನಮ್ಮ ಊರಾಗ ಇಂಗ್ಲಿಷ್ ಬಲ್ಲವರು ಒಬ್ಬರೇ, ಸಾಲಿ ಇಂಗ್ಲಿಷ್ ಮಾಸ್ತರು. ಕಾಗದ ಹಿಡಕೊಂಡು ಅವರ ಮನಿಗೆ ಓಡಿದೆ.

ಮಾಸ್ತರು ಮೂಗಿನ ಮ್ಯಾಲ ಚಾಳೀಸ ಏರಿಸಿ ಎರಡು ಸಲ ನೋಡಿ ಲೊಚ್ಚ್ ಅಂದ್ರು. "ಇಲ್ಲಿ 'ಜಾಬ್' ಅಂತ ಅದ. ಜಾಬ್ ಅಂದ್ರ ಜವಾಬ್. ನಿಂಗ ಜವಾಬ್ ಕೊಟ್ಟಾರಪಾ, ಆಗಂಗಿಲ್ಲ ಹೋಗು ಅಂತ."

"ನಡುವಿನ 'ವಾ' ಎಲ್ಲಿ ಹೋತ್ರಿ?"

"ಫಾರ್ಸಿ ಶಬ್ದ ಅದು. ಇಂಗ್ಲಿಷರು ಹಡಗದಾಗ ಹಾಕ್ಕೊಂಡು ಒಯ್ಯೋವಾಗ 'ವಾ' ಸಮುದ್ರದಾಗ ಬಿತ್ತು."

ನಮ್ಮವ್ವ ಅತ್ಲು, ನಾನೂ ಅತ್ತೆ. ಇಷ್ಟು ವಿದ್ಯಾ ಇದ್ದವರನ್ನ ಬರಿಗೈಲೆ ಕಳಿಸಬಾರದಂತ ಮಾಸ್ತರಿಗೆ ಒಂದು ಸೇರು ಶೇಂಗಾ ಬ್ಯಾರೆ ಕೊಟ್ವಿ.

ಮಾನ್ವ್ಯಾಗ ಜಪ

ಮಾನ್ವಿಯ ಆಚಾರ್ಯರೊಬ್ಬರ ಮಗಳನ್ನ ನಂಗ ಕೇಳಿದ್ವಿ. ಹುಡುಗಿ ಮನಸಿಗೆ ಬಂದಿದ್ಲು, ಸುಳ್ಳ್ಯಾಕ ಹೇಳ್ಲಿ. "ನೌಕರಿ ಇದ್ರ ಹೆಣ್ಣು, ಇಲ್ಲಂದ್ರ ಇಲ್ಲ" ಅಂದಿದ್ರು ಆಚಾರ್ಯರು. ಮುಚ್ಚಿಡಬಾರದು ಅಂತ ಕಾಗದ ಬಂದ ಎಂಟನೇ ದಿನ ಹೋಗಿ ಅದನ್ನ ಅವರ ಮುಂದಿಟ್ಟು, ಮಾಸ್ತರು ಹೇಳಿದ ಅರ್ಥಾನೂ ಹೇಳಿದೆ.

ಆಚಾರ್ಯರಿಗೆ ಇಂಗ್ಲಿಷ್ ಬರತಿದ್ದಿಲ್ಲ. ಬರಂಗಿಲ್ಲ ಅನ್ನಾಕ ಬಾಯಿನೂ ಬರತಿದ್ದಿಲ್ಲ. "ಜವಾಬ್ ಅಲ್ಲೋ ಹುಚ್ಚಪ್ಪಾ, ಜಪ! ಸಂಸ್ಕೃತ ಅದು. ದಿನಾ ಕೂತು ಮಾಡಿದ್ದೇ ಮಾಡೋದು. ನೌಕರಿಗೂ ಜಪಕ್ಕೂ ಏನು ಫರಕ ಅದ?"

ಅವರ ತಮ್ಮ ರಾಯಚೂರು ಸ್ಟೇಷನ್ನಿನಾಗ ಟಿಕೆಟ್ ಬಾಬು, ರಜಾದ ಮ್ಯಾಲ ಬಂದಿದ್ದ. ಕಾಗದ ಕಸಗೊಂಡು ಓದಿ ಹಣಿ ಬಡಕೊಂಡ. "ಜಾಬ್ ಅಂದ್ರ ಹಿಂದಕ ಒಂದು ತುಂಡು ಕೆಲಸ ಅಂತ ಅರ್ಥ ಇತ್ತು, ಈಗ ನೌಕರಿ. ನಿಂಗ ನೌಕರಿ ಕೊಟ್ಟಾರಪಾ! ಹತ್ತು ದಿನದಾಗ ಬಾ ಅಂತ ಬರದಾರ. ಓಡು!"

ಆಚಾರ್ಯರು ಸೋಲಲಿಲ್ಲ. "ನಾನೂ ಅದನ್ನೇ ಹೇಳಿದ್ದು. ಹೋಗು, ಜಪಕ್ಕ ಕೂಡು."

ಜಿನ್ನಿನ ಕುರ್ಚಿ

ಮರುದಿನ ಮುಂಜಾನಿ ಮೋಟಾರು ಹಿಡದು ರಾಯಚೂರಿಗೆ ಹೋದೆ. ಇನ್ನೂ ಒಂದು ದಿನ ಉಳಿದಿತ್ತು. ನೌಕರೀನೂ ಸಿಕ್ತು, ಹುಡುಗೀನೂ ಸಿಕ್ಳು ಅಂತ ಕುಣಕೋತ ಜಿನ್ನಿನ ಒಳಗ ಕಾಲಿಟ್ಟೆ. ಗುಮಾಸ್ತನ ಕುರ್ಚ್ಯಾಗ ಚಾಳೀಸ ಏರಿಸಿಕೊಂಡು ನಮ್ಮ ಇಂಗ್ಲಿಷ್ ಮಾಸ್ತರು ಕೂತಿದ್ರು!

ಮೈಯೆಲ್ಲಾ ಉರದು ಹೋತು. "ಇದೇನ್ರಿ ಮಾಸ್ತರ್ರ?"

"ನೀ ಬರಂಗಿಲ್ಲಂತ ನಿನ್ನ ಪರವಾಗಿ ನಾನೇ ಜವಾಬ್ ಕೊಟ್ಟೆ" ಅಂದ್ರು, ಒಂಚೂರೂ ನಾಚಿಕಿ ಇಲ್ಲದ.

"ನನ್ನ ಲಗ್ನ ಮುರೀತದ್ರಿ! ಈಗಿಂದೀಗ ದೊರಿಗೆ ಹೇಳ್ತೀನಿ!"

"ಯಾವ ಭಾಷಾದಾಗ?"

ನಾ ಅಲ್ಲೇ ಅಳಾಕ ಹತ್ತಿದೆ. ಅವರಿಗೂ ಒಂದೀಟು ಕನಿಕರ ಬಂತೋ ಏನೋ. "ಅಳಬ್ಯಾಡ. ಸಾಲ್ಯಾಗ ನನ್ನ ಜಾಗಾ ಖಾಲಿ ಅದ. ಹೋಗಿ ಇಂಗ್ಲಿಷ್ ಕಲಸು. ನೌಕರೀನೂ ಆತು, ಲಗ್ನಾನೂ ಆತು."

"ನಂಗ ಇಂಗ್ಲಿಷ್ ಎಲ್ಲಿ ಬರ್ತದ್ರಿ?"

ಮಾಸ್ತರು ಆಕಡಿ ಈಕಡಿ ನೋಡಿ ದನಿ ಇಳಿಸಿದ್ರು. "ನಂಗ ಬರ್ತಿತ್ತೇನಲೇ? ಆ ಕಾಗದದಾಗ ನಂಗ ಗೊತ್ತಿದ್ದದ್ದು 'ಜಾಬ್' ಒಂದೇ ಶಬ್ದ."