ವೈಟಿಂಗ್ ಲಿಸ್ಟಿನ ಅಳಿಯ

ಗಂಡ ಹೆಂಡತಿ ಒಂದೇ ಆಫೀಸಿನಲ್ಲಿ ಕೆಲಸ ಮಾಡಬಾರದು ಎಂದು ಬುದ್ಧಿ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಒಂದೇ ಬಿಸಿನೆಸ್ ಸ್ಕೂಲಿಗೆ ಅರ್ಜಿ ಹಾಕಬಾರದು ಎಂದು ಮಾತ್ರ ನಮಗೆ ಯಾರೂ ಹೇಳಲಿಲ್ಲ. ಹಾಗಾಗಿ ಮುಂದೆ ಹೇಳುವ ಪ್ರಸಂಗಗಳು ಒಂದರ ಹಿಂದೆ ಒಂದು ನಡೆಯುತ್ತಲೇ ಹೋದವು.

ನಾನು ಚಿಕ್ಕಮಗಳೂರು ಪೇಟೆಯ ಅಂಗಡಿಯವರ ಮಗ. ಅವಳು ಕಳಸದ ಹತ್ತಿರದ ಕಾಫಿ ತೋಟದವರ ಮಗಳು. ಮುಂಬೈಯಲ್ಲಿ ನನಗೆ ದೊಡ್ಡ ಬ್ಯಾಂಕೊಂದರಲ್ಲಿ ಕೆಲಸ, ಅವಳಿಗೆ ಬೇರೆ ಕಂಪನಿಗಳಿಗೆ ಬುದ್ಧಿ ಹೇಳುವ ಕಂಪನಿಯಲ್ಲಿ. ಒಂದೇ ಮನೆಯಲ್ಲಿದ್ದೂ ನಾವು ಸರಿಯಾಗಿ ಭೇಟಿಯಾಗುತ್ತಿದ್ದದ್ದು ಭಾನುವಾರ ಮಾತ್ರ. ಎರಡು ವರ್ಷ ಒಟ್ಟಿಗೆ ಓದಿದರೆ ಡಿಗ್ರಿಯೂ ಬಂತು, ಹೆಂಡತಿಯ ಮುಖ ನೋಡಿದಂತೆಯೂ ಆಯಿತು ಎಂದು ನಾನು ಅಂದುಕೊಂಡೆ. ರಜೆ ಹಾಕಿ, ತಯಾರಿಗೆಂದು ಮಾವನ ಮನೆಗೆ ಬಂದೆವು.

ಐನೂರು ಪದ

ಅರ್ಜಿಯಲ್ಲಿ ‘ನಿಮ್ಮ ಸೋಲೊಂದರ ಬಗ್ಗೆ ಐನೂರು ಪದ ಮೀರದಂತೆ ಬರೆಯಿರಿ’ ಎಂದಿತ್ತು. ಎರಡು ದಿನ ತಲೆ ಕೆರೆದುಕೊಂಡರೂ ನನಗೆ ಒಂದು ಸೋಲೂ ನೆನಪಾಗಲಿಲ್ಲ.

“ನಾನು ಹೇಳ್ತೀನಿ, ಬರ್ಕೋ ಮಾರಾಯ,” ಎಂದು ಹೆಂಡತಿ ಶುರು ಮಾಡಿದಳು. ಏಳನೆಯ ಸೋಲಿಗೆ ನನ್ನ ಕೈ ಸೋತಿತು. ಅದರಲ್ಲಿ ಮೂರು ನಮ್ಮ ಪರಿಚಯಕ್ಕೂ ಮುಂಚಿನವು. ಅವು ನಿನಗೆ ಹೇಗೆ ಗೊತ್ತು ಎಂದು ಕೇಳಿದೆ.

“ನಿಮ್ಮಮ್ಮ ನಿಶ್ಚಿತಾರ್ಥದ ದಿನವೇ ಹೇಳಿದ್ರು. ಆಮೇಲೆ ಗೊತ್ತಿರ್ಲಿಲ್ಲ ಅನ್ಬೇಡ ಅಂತ.”

ಸಕ್ಕರೆ ಕಡಿಮೆ

ಸಂದರ್ಶನ ವಿಡಿಯೋ ಕರೆಯಲ್ಲಿ. ಮನೆಯಲ್ಲಿ ಸಿಗ್ನಲ್ ಸಿಗುವುದು ತೋಟದ ಆಫೀಸು ರೂಮಿನ ಕಿಟಕಿಯ ಬಳಿ ಮಾತ್ರ. ಹೆಂಡತಿಯನ್ನು ಅಲ್ಲಿ ಕೂರಿಸಿ, ಯಾರೂ ಒಳಗೆ ಬರಬೇಡಿ ಎಂದು ಎಲ್ಲರಿಗೂ ಹೇಳಿದ್ದೆವು. ಆದರೆ ಮನೆಗೆ ಬಂದವರಿಗೆ ಕಾಫಿ ಕೊಡದೆ ಕಳಿಸಿ ನಮ್ಮ ಅತ್ತೆಗೆ ಅಭ್ಯಾಸವಿಲ್ಲ. ಅರ್ಧ ಗಂಟೆಯಾದ ಮೇಲೆ ಎರಡು ಲೋಟ ಹಿಡಿದು ಒಳಗೆ ಹೋದರು. ಒಂದನ್ನು ಮಗಳ ಕೈಗೆ ಕೊಟ್ಟು, ಇನ್ನೊಂದನ್ನು ಲ್ಯಾಪ್‌ಟಾಪಿನ ಎದುರು ಇಟ್ಟರು.

“ಆವಾಗಿಂದ ಮಾತಾಡ್ತಿದಾರೆ, ಪಾಪ, ಗಂಟಲು ಒಣಗಲ್ವಾ?” ಎಂದರು.

ಸಂದರ್ಶಕರು ಒಳ್ಳೆಯವರು. ನಗುತ್ತಾ, ನಾನು ಸಕ್ಕರೆ ಕಡಿಮೆ ಕುಡಿಯೋದು ಅಂದರಂತೆ. ಅತ್ತೆ ಆ ಲೋಟವನ್ನು ಒಳಗೆ ಒಯ್ದು, ಸಕ್ಕರೆ ಕಡಿಮೆ ಹಾಕಿದ ಬೇರೆ ಲೋಟ ತಂದಿಟ್ಟರು.

ನಾಲ್ಕು ಕಡುಬು

ಇಬ್ಬರಿಗೂ ಸಂದರ್ಶನದ ಕೊನೆಯಲ್ಲಿ ಒಂದೇ ಪ್ರಶ್ನೆ ಕೇಳಿದ್ದರು: ನಿಮ್ಮಲ್ಲಿ ಒಬ್ಬರಿಗೆ ಮಾತ್ರ ಸೀಟು ಸಿಕ್ಕರೆ ಏನು ಮಾಡುತ್ತೀರಿ? ಅವಳು, ಹಾಗಾದರೆ ನಾನೂ ಬರುವುದಿಲ್ಲ ಅಂದಿದ್ದಳು. ನಾನು, ಅವಳಿಗೆ ಸಿಕ್ಕರೆ ಅವಳನ್ನು ಕಳಿಸಿಯೇ ತೀರುತ್ತೇನೆ ಅಂದಿದ್ದೆ. ನಮ್ಮಿಬ್ಬರ ಮೊದಲ ಜಂಟಿ ವ್ಯವಹಾರ ಅಲ್ಲಿಗೇ ಕೈಕೊಟ್ಟಿತ್ತು.

ಫಲಿತಾಂಶ ಬಂತು. ಅವಳಿಗೆ ಸೀಟು, ನನಗೆ ವೈಟಿಂಗ್ ಲಿಸ್ಟು. ಅವಳು ಹೋಗಲ್ಲ ಎಂದು ಹಟ ಹಿಡಿದಳು, ನಾನು ಹೋಗು ಎಂದು ಹಟ ಹಿಡಿದೆ. ಹೊರಗೆ ಧೈರ್ಯ ತೋರಿಸಿದರೂ ಒಳಗೆ ನನಗೆ ಬಹಳ ಸಂಕಟವಾಗಿತ್ತು. ಮತ್ತೆ ಎರಡು ವರ್ಷ ಭಾನುವಾರವೂ ಇಲ್ಲ ಎಂಬುದೇ ತಲೆಯಲ್ಲಿ ಕೊರೆಯುತ್ತಿತ್ತು.

ಮರುದಿನ ತಿಂಡಿಗೆ ಅತ್ತೆ ಮಗಳ ತಟ್ಟೆಗೆ ಒಂದು ಕಡುಬು, ನನ್ನ ತಟ್ಟೆಗೆ ನಾಲ್ಕು ಹಾಕಿದರು. ಪಾಸಾದವಳು ನಾನಲ್ವಾ ಎಂದು ಅವಳು ಕೇಳಿದಳು.

“ನಿಂಗೆ ಅಲ್ಲಿ ಊಟ ಹಾಕ್ತಾರೆ,” ಎಂದರು ಅತ್ತೆ.

ನಿಮ್ಮಲ್ಲಿ ಎಷ್ಟು ಬಂತು?

ಕಾಫಿ ಗಿಡ ಹೂವಾಗಬೇಕಾದರೆ ಬೇಸಿಗೆಯ ಮೊದಲಿಗೆ ಒಂದು ಒಳ್ಳೆಯ ಮಳೆ ಬೀಳಬೇಕು. ಅದು ಬಿದ್ದ ಮಾರನೆಯ ದಿನ ತೋಟದವರೆಲ್ಲ ಒಬ್ಬರಿಗೊಬ್ಬರು ಫೋನ್ ಮಾಡಿ, “ನಿಮ್ಮಲ್ಲಿ ಎಷ್ಟು ಬಂತು?” ಎಂದು ವಿಚಾರಿಸಿಕೊಳ್ಳುತ್ತಾರೆ. ಈ ಸಲ ಮಳೆ ಬಿದ್ದ ಮಾರನೆಯ ದಿನ ಮಾವ ಆಫೀಸು ರೂಮಿನ ಕಿಟಕಿಯ ಬಳಿಯೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಸಿಗ್ನಲ್ಲಿಗೆಂದು ನಮ್ಮ ಫೋನುಗಳೂ ಅಲ್ಲೇ ಇದ್ದವು. ಯಾರ ಫೋನು ರಿಂಗಾದರೂ ಮಾವ ಎತ್ತುತ್ತಿದ್ದರು. ನಾವಿಬ್ಬರೂ ತೋಟ ಸುತ್ತಲು ಹೋಗಿದ್ದೆವು. ಅವಳು ಸ್ಕೂಲಿಗೆ ಒಪ್ಪಿಗೆ ತಿಳಿಸಲು ಎರಡೇ ದಿನ ಉಳಿದಿತ್ತು.

ಸಂಜೆ ಕಾಫಿಗೆ ಕೂತಾಗ ಮಾವ ಮಳೆಯ ವರದಿ ಒಪ್ಪಿಸಿದರು. ತೋಟದವರ ಲೆಕ್ಕದಲ್ಲಿ ಒಂದು ಇಂಚು ಮಳೆಗೆ ನೂರು ಸೆಂಟು. “ನಮ್ದು ಒಂದು ಇಂಚು ಇಪ್ಪತ್ತು ಸೆಂಟು. ಜಾವಳಿ ಕಡೆ ಎಂಬತ್ತು ಸೆಂಟಂತೆ. ಆ ನಿಮ್ಮ ಸ್ಕೂಲಿನ ಮೇಡಂ ಅವ್ರ ಊರಲ್ಲಿ ಮಾತ್ರ ಒಂದು ಹನೀನೂ ಬಿದ್ದಿಲ್ವಂತೆ, ಪಾಪ.”

ಹೆಂಡತಿ ಲೋಟ ಕೆಳಗಿಟ್ಟಳು. “ಯಾವ ಮೇಡಂ ಅಪ್ಪ?”

“ಬೆಳಿಗ್ಗೆ ಅಳಿಯಂದ್ರ ಫೋನಿಗೆ ಮಾಡಿದ್ರು.”

“ಏನಂದ್ರು?”

“ಅವ್ರಿಗೆ ನಾನೆಲ್ಲಿ ಮಾತಾಡಕ್ಕೆ ಬಿಟ್ಟೆ? ನೋಡಿ ಮೇಡಂ, ನಮ್ಮ ತೋಟಕ್ಕೆ ಆಳು ತಗೊಳ್ಳೋವಾಗ ಗಂಡ ಹೆಂಡ್ತಿ ಜೋಡೀನೇ ತಗೊಳ್ಳೋದು. ಹೆಂಡ್ತಿ ಒಬ್ಬಳನ್ನೇ ತಗೊಂಡ್ರೆ ತಿಂಗಳೊಳಗೆ ಗಂಡನ್ನ ನೆನೆಸ್ಕೊಂಡು ಊರಿಗೆ ಹೊರಡ್ತಾಳೆ, ಕೊಯ್ಲು ಅರ್ಧಕ್ಕೆ ನಿಲ್ಲುತ್ತೆ. ಇಬ್ರನ್ನೂ ತಗೊಳ್ಳಿ, ಒಂದೇ ಮನೆ ಕೊಟ್ರೆ ಸಾಕು. ಹುಡುಗ ಒಳ್ಳೆಯವನು, ಮಾತು ಸ್ವಲ್ಪ ಜಾಸ್ತಿ ಅಂತ ಹೇಳ್ದೆ.”

ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. “ಅದಕ್ಕೆ ಅವ್ರು?” ಎಂದೆ.

“ಪೂರ್ತಿ ಕೇಳಿಸ್ಕೊಂಡು ನಕ್ರು. ಅದನ್ನೇ ಹೇಳಕ್ಕೆ ಫೋನ್ ಮಾಡಿದ್ದಂತೆ. ನಿಮ್ದೂ ಸೀಟು ಆಯ್ತಂತೆ.”

ಹೆಂಡತಿ ಅಪ್ಪ ಅಮ್ಮನ ಎದುರೇ ನನ್ನ ಕೈ ಹಿಡಿದುಕೊಂಡು ಅತ್ತುಬಿಟ್ಟಳು. ಸುಳ್ಳು ಯಾಕೆ ಹೇಳಲಿ, ನಾನೂ ಅತ್ತುಬಿಟ್ಟೆ. ಅವಳು ಸುಧಾರಿಸಿಕೊಂಡು, “ಬೆಳಿಗ್ಗೇನೇ ಯಾಕಪ್ಪ ಹೇಳ್ಲಿಲ್ಲ?” ಎಂದು ಕೇಳಿದಳು.

“ಒಂದರ ಹಿಂದೆ ಒಂದು ಫೋನು ಬರ್ತಿತ್ತಲ್ಲೇ, ಕೂತಲ್ಲಿಂದ ಏಳಕ್ಕಾಗ್ಲಿಲ್ಲ,” ಎಂದ ಮಾವ, ಕಾಫಿ ಮುಗಿಸಿ ನನ್ನ ಕಡೆ ತಿರುಗಿದರು.

“ಅಳಿಯಂದ್ರೆ, ಒಂದು ಮಾತು. ಆಳು ಕೊಡಿಸಿದವ್ರೇ ಜವಾಬ್ದಾರಿ ತಗೊಳ್ಳೋದು ನಮ್ಮಲ್ಲಿ ಪದ್ಧತಿ. ನೀವಿಬ್ರೂ ಮಧ್ಯದಲ್ಲಿ ಬಿಟ್ಟು ಬಂದ್ರೆ ಬದಲಿಗೆ ನಾನೇ ಬರ್ತೀನಿ ಅಂತ ಮೇಡಂಗೆ ಮಾತು ಕೊಟ್ಟಿದೀನಿ. ಈ ವಯಸ್ಸಲ್ಲಿ ನನ್ನನ್ನ ಸ್ಕೂಲಿಗೆ ಕಳಿಸ್ಬೇಡಿ.”